ದೊಡ್ಡಣ್ಣನ ಹೆಸರಿನಲ್ಲಿ

ಗಿರಿರಾಜ ಆ ಸೋಮವಾರವೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ. ಮೇಲಿನ ಮನೆಯಿಂದ ಕೆಳಕ್ಕೆ ಹದಿನೆಂಟು ಮೆಟ್ಟಿಲು. ಒಂಬತ್ತನೆಯದರ ಅಂಚು ಒಡೆದಿದೆ, ಅಲ್ಲಿ ಕಾಲಿಟ್ಟರೆ ಕಲ್ಲು ಸದ್ದು ಮಾಡುತ್ತದೆ, ಆದ್ದರಿಂದ ಎಂಟರಿಂದ ನೇರ ಹತ್ತಕ್ಕೆ. ನಲವತ್ತಮೂರು ವರ್ಷದ ಮನುಷ್ಯ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಹಣೆಯ ಮೇಲೆ ಇನ್ನೂ ಆರದ ಗಂಧ, ತಾನು ಐದು ವರ್ಷದಿಂದ ಬಾಡಿಗೆಗಿರುವ ಮನೆಯಿಂದ ಹೀಗೆ ಕಳ್ಳಹೆಜ್ಜೆಯಲ್ಲಿ ಇಳಿಯುತ್ತಿರುವುದನ್ನು ಎದುರುಮನೆಯವರು ನೋಡಿದರೆ ಹೆಂಡತಿಯ ಜೊತೆ ಜಗಳವಾಡಿದ್ದಾನೆ ಅಂದುಕೊಂಡಾರು. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಲತಾ ಜಗಳವನ್ನೇನೂ ಆಡಿರಲಿಲ್ಲ. ಊಟದ ಡಬ್ಬಿ ಕೈಗೆ ಕೊಡುವಾಗ, "ಇವತ್ತು ಸಂಜೆ ಐದಕ್ಕಂತೆ, ಅರಳಿಕಟ್ಟೇಲಿ," ಎಂದಳು. ಮುಖ ನೋಡದೆ ಅಂದಳು. ನೋಡಿದ್ದರೆ ಒಂದು ಉತ್ತರ ಕೊಡಬೇಕಾಗುತ್ತಿತ್ತು, ಅದರಿಂದ ಅವನನ್ನು ಉಳಿಸಿದಳೋ ಅಥವಾ ಇನ್ನಷ್ಟು ಸಿಕ್ಕಿಸಿದಳೋ ತಿಳಿಯಲಿಲ್ಲ.

"ಗಿರೀನಾ?"

ಕೆಳಗಿನ ಜಗಲಿಯಲ್ಲಿ ದೊಡ್ಡಣ್ಣ ಕೂತಿದ್ದರು. ಮನೆಯ ಯಜಮಾನರು, ಎಪ್ಪತ್ತನಾಲ್ಕು ತುಂಬಿದವರು. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿದೆ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತರೆ ಯಾವ ಕಡೆ ನೋಡುತ್ತಿದ್ದಾರೆಂದು ಯಾರಿಗೂ ಗೊತ್ತಾಗುವುದಿಲ್ಲ.

"ಹೂಂ ದೊಡ್ಡಣ್ಣೋರೆ."

"ಯಾಕಪ್ಪ, ಹೆಜ್ಜೆ ಸಪ್ಪಳನೇ ಇಲ್ವಲ್ಲ. ಬರಿಗಾಲಲ್ಲಿ ಇಳೀತಿದೀಯ?"

"ಉಂಗುಷ್ಠ ಕಿತ್ತೋಗಿದೆ," ಎಂದ ಗಿರಿರಾಜ. ಸುಳ್ಳು ಬಾಯಿಂದ ಬಂದ ವೇಗಕ್ಕೆ ಅವನಿಗೇ ಆಶ್ಚರ್ಯವಾಯಿತು.

"ತತ್ತಾ ಇಲ್ಲಿ. ದಬ್ಬಳ ಐತೆ ಒಳಗೆ, ಎರಡು ಹೊಲಿಗೆ ಹಾಕ್‌ಕೊಡ್ತೀನಿ."

ಬೇಡ ಎನ್ನುವಷ್ಟರಲ್ಲಿ ಮುದುಕರ ಕೈ ಮುಂದೆ ಬಂದಿತ್ತು. ಕೊಟ್ಟ. ಹಿರಿಯರ ಕೈಗೆ ತನ್ನ ಕಾಲಿನ ಚಪ್ಪಲಿ ಕೊಟ್ಟ. ದೊಡ್ಡಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಪಟ್ಟಿಯನ್ನು, ಉಂಗುಷ್ಠವನ್ನು, ಅಡಿಯ ಹೊಲಿಗೆಯನ್ನು ಸಾವಕಾಶವಾಗಿ ಸವರಿದರು. ಎಳೆದು ನೋಡಿದರು. ಇನ್ನೊಂದು ಸಲ ಸವರಿದರು.

"ಗಟ್ಟಿಯಾಗೇ ಐತಲ್ಲೋ," ಎಂದರು. ಆಮೇಲೆ ಕೈಯನ್ನು ಕನ್ನಡಕದ ಹತ್ತಿರ ಹಿಡಿದು, "ನನ್ನ ಬೆರಳಿಗೇ ತಿಳೀತಿಲ್ವೇನೋ ಬಿಡು. ಈಗೀಗ ಈ ಕೈನ ಯಾವುದಕ್ಕೂ ನಂಬಂಗಿಲ್ಲ. ಹೋಗೋ ದಾರೀಲಿ ತೋರಿಸ್ಕೊಂಬಿಡಪ್ಪ," ಎಂದು ವಾಪಸು ಕೊಟ್ಟರು.

ಗೋವಿಂದರಾಜನಗರದ ರಸ್ತೆಯ ತಿರುವಿನವರೆಗೂ ಗಿರಿರಾಜ ಬರಿಗಾಲಲ್ಲೇ ನಡೆದ. ಹರಿದ ಚಪ್ಪಲಿಯ ಮನುಷ್ಯನಂತೆ ಒಂದು ಕಾಲನ್ನು ಸ್ವಲ್ಪ ಎಳೆದು ಹಾಕಿದ ಕೂಡ. ಹಿಂದೆ ನೋಡುತ್ತಿರುವ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಗಿ, ನಟನೆ ನಿಲ್ಲಿಸಿ, ಅಂಗಡಿಯ ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಂಡ. ಹೂವಿನವಳು ನೋಡಿ ನಕ್ಕಳು.

ಕಳೆದ ಮಂಗಳವಾರ ಊರಮ್ಮನ ಆರತಿಯಿತ್ತು. ಊರು ಎಂದರೆ ಈಗ ಹೊಸಹಳ್ಳಿ ಮೆಟ್ರೋ ಕಂಬಗಳ ಮಗ್ಗುಲಿಗೆ ಎರಡು ಅಡ್ಡರಸ್ತೆ, ಒಂದು ಅರಳಿಕಟ್ಟೆ, ಒಂದು ಗುಡಿ, ಅಷ್ಟೇ. ಹೊಲ ಇದ್ದ ಕಡೆ ಮನೆ ಎದ್ದು, ಮನೆ ಇದ್ದ ಕಡೆ ಮಹಡಿ ಎದ್ದು, ಜನ ಕೆಂಗೇರಿ ನಾಗರಭಾವಿ ಎಂದು ಚೆದುರಿ ಎಷ್ಟೋ ಕಾಲವಾಗಿದೆ. ಆದರೂ ಆ ಒಂದು ಮಂಗಳವಾರ ಮೂವತ್ತೊಂದು ಮನೆಯ ಹೆಂಗಸರು ಎಲ್ಲಿದ್ದರೂ ಬಂದು, ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು, ಸಾಲಾಗಿ ಗುಡಿಗೆ ನಡೆಯುತ್ತಾರೆ. ಆ ಸಾಲಿಗೆ ಒಂದು ಕ್ರಮವಿದೆ. ಸಾವಾದ ಮನೆಯ ಆರತಿ ಆ ವರ್ಷ ಹೊರಡುವುದಿಲ್ಲ. ಮರುವರ್ಷ ಅದೇ ಮನೆಯ ಆರತಿ ಎಲ್ಲರಿಗಿಂತ ಮುಂದೆ. ಬಾಗಿಲು ಹಾಕಿಕೊಂಡು ಅತ್ತ ಮನೆಯನ್ನು ಊರು ಕೈಹಿಡಿದು ಮತ್ತೆ ಒಳಗೆ ಕರೆದುಕೊಳ್ಳುವ ರೀತಿ ಅದು. ಗಿರಿರಾಜನಿಗೆ ಇದನ್ನು ಮೊದಲ ಸಲ ಹೇಳಿದಾಗ ದೊಡ್ಡಣ್ಣ ಬೇರೇನೂ ವಿವರಿಸಿರಲಿಲ್ಲ. "ನೊಂದಿರೋರು ಮುಂದೆ ನಡೀಬೇಕಪ್ಪ, ಹಿಂದೆ ನಾವೆಲ್ಲ ಇದೀವಿ ಅಂತ ಕಾಲ್ಸಪ್ಪಳ ಕೇಳ್ಬೇಕು," ಎಂದಿದ್ದರು. ಆ ಪಟ್ಟಿ ಇಡುವುದು ಅವರ ಮನೆತನಕ್ಕೆ ಸೇರಿದ್ದು. ಅವರ ತಂದೆ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಅವರೂ ಹಾಗೇ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಅದನ್ನು ಕಂಪ್ಯೂಟರಿನ ಪುಟಕ್ಕೆ ತಂದವನು ಗಿರಿರಾಜ.

ಅವನ ಕಂಪನಿ ಮಾಡುವುದು ಅದನ್ನೇ. ಒಂದೇ ಬರಹವನ್ನು ಹತ್ತು ಜನ ಹತ್ತು ಕಡೆ ಕೂತು ಏಕಕಾಲಕ್ಕೆ ಬರೆಯಬಹುದಾದ ಪುಟ. ಒಬ್ಬರು ಅಕ್ಷರ ಒತ್ತಿದರೆ ಉಳಿದವರ ಪರದೆಯ ಮೇಲೂ ಅದು ಮೂಡುತ್ತದೆ, ಬರೆಯುತ್ತಿರುವವರ ಹೆಸರು ಹೊತ್ತ ಸಣ್ಣ ಬಣ್ಣದ ಗೆರೆಯೊಂದು ಅಕ್ಷರದ ಪಕ್ಕದಲ್ಲೇ ಮಿನುಗುತ್ತ ಓಡಾಡುತ್ತದೆ. ದೊಡ್ಡಣ್ಣನ ಗೆರೆ ಹಸಿರು. ಕಲಿತ ಹೊಸತರಲ್ಲಿ ಅವರು ಎರಡು ಬೆರಳಿನಲ್ಲಿ ಒಂದು ಹೆಸರು ಹೊಡೆದು, ಕೈ ಎತ್ತಿ, ಸುಮ್ಮನೆ ಕೂರುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದರೆ, "ಅಲ್ಲಿ ಕಮಿಟಿ ಮಧು ಬರೀತಾವ್ನೆ ನೋಡು. ಅವನದು ಮುಗೀಲಿ. ಒಬ್ರು ಮಾತಾಡ್ತಿದ್ದಾಗ ನಡುವೆ ಬಾಯಿ ಹಾಕ್ಬಾರ್ದು," ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೆ ಬರೆದರೂ ಒಬ್ಬರ ಅಕ್ಷರವನ್ನು ಇನ್ನೊಬ್ಬರದು ತುಳಿಯದಂತೆ ಮಾಡಲು ಗಿರಿರಾಜ ಮೂರು ವರ್ಷ ತಲೆ ಕೆಡಿಸಿಕೊಂಡಿದ್ದ. ಈ ಮುದುಕರಿಗೆ ಅದರ ಅಗತ್ಯವೇ ಇರಲಿಲ್ಲ.

ಹನುಮಕ್ಕನ ಮಗ ವೀರೇಶ ತೀರಿಹೋಗಿ ಒಂದೂವರೆ ವರ್ಷ. ಹೋದ ವರ್ಷ ಆ ಮನೆಯ ಆರತಿ ಇರಲಿಲ್ಲ. ಈ ವರ್ಷ ಎಲ್ಲಕ್ಕೂ ಮೊದಲು ಹೊರಡಬೇಕಿದ್ದದ್ದು ಅವಳದು. ಮಂಗಳವಾರ ಬೆಳಿಗ್ಗೆ ಕಮಿಟಿಯ ಹುಡುಗ ಮಧುಕುಮಾರ ಪುಟದಿಂದ ಪಟ್ಟಿ ಪ್ರಿಂಟ್ ತೆಗೆದು ಮೈಕಿನಲ್ಲಿ ಓದಿದ. ಮೊದಲ ಹೆಸರು ಬೇರೆ ಯಾರದೋ. ದೀಪ ಹಚ್ಚಿದ ಆರತಿಯನ್ನು ತಲೆಯ ಮೇಲೆ ಹೊತ್ತು ಮುಂದೆ ಬಂದ ಹನುಮಕ್ಕನನ್ನು, ಪಟ್ಟಿ ಹಿಡಿದು ನಿಂತಿದ್ದ ಹೊಸ ಹುಡುಗಿಯರು ತಡೆದು, ಅಜ್ಜಿ ನಿಮ್ದು ಕೊನೇದು, ಅಲ್ಲಿ ನೆರಳಲ್ಲಿ ನಿಂತ್ಕೊಳ್ಳಿ, ಎಂದರು. ನೆರಳು ಇರಲಿಲ್ಲ. ಒಂದೂವರೆ ಗಂಟೆ ಅವಳು ಆರತಿಯನ್ನು ಇಳಿಸದೆ ನಿಂತಿದ್ದಳು. ದೀಪ ಎರಡು ಸಲ ಆರಿತು, ಎರಡು ಸಲ ಸೊಸೆ ಹಚ್ಚಿದಳು. ಕೊನೆಗೆ ಗುಡಿ ಮುಟ್ಟಿ, ತಟ್ಟೆ ಇಳಿಸಿ, ತೀರ್ಥವನ್ನೂ ತೆಗೆದುಕೊಳ್ಳದೆ ಹೋದಳು. ಕಣ್ಣಿಗೆ ಹೊಗೆ ತಾಗಬಾರದೆಂದು ಮನೆಯಲ್ಲೇ ಉಳಿದಿದ್ದ ದೊಡ್ಡಣ್ಣನಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ. ಅಷ್ಟರಲ್ಲಿ ಮಧುಕುಮಾರ ಫೋನಿನಲ್ಲಿ ಪುಟದ ಚರಿತ್ರೆ ತೆಗೆದು ನಾಲ್ಕು ಜನಕ್ಕೆ ತೋರಿಸಿದ್ದ. ಯಾವ ಬದಲಾವಣೆಯನ್ನು ಯಾರು ಯಾವಾಗ ಮಾಡಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಒಂದೇ ಸಾಲು: ದೊಡ್ಡಣ್ಣ ಪಟ್ಟಿ ಬದಲಾಯಿಸಿದ್ದಾರೆ, ಮಂಗಳವಾರ, ಬೆಳಿಗ್ಗೆ ಆರು ಹತ್ತು. ದೊಡ್ಡಣ್ಣನ ಮನೆಗೂ ಹನುಮಕ್ಕನ ಮನೆಗೂ ಹಿತ್ತಲ ಗೋಡೆಯ ವಿಷಯದಲ್ಲಿ ಬಹಳ ಹಿಂದೆ ಮಾತು ನಿಂತಿತ್ತು ಎಂಬುದು ಅದುವರೆಗೂ ಎಲ್ಲರಿಗೂ ಮರೆತುಹೋಗಿತ್ತು. ಈಗ ನೆನಪಾಯಿತು.

ದೊಡ್ಡಣ್ಣ ಇಲ್ಲ ಎನ್ನಲಿಲ್ಲ. ಅದೇ ಗಿರಿರಾಜನನ್ನು ಸುಡುತ್ತಿದ್ದದ್ದು. ಆರು ಗಂಟೆಗೆ ಪುಟ ತೆರೆದದ್ದು ನಿಜ, ಹನುಮಕ್ಕನ ಹೆಸರು ಮೊದಲಿದೆಯೋ ಇಲ್ಲವೋ ಅಂತ ಕಡೇ ಸಲ ನೋಡಲು ತೆರೆದೆ, ಮಂಜು ಮಂಜಾಗಿ ಕಂಡಿತು, ಇದೆ ಅಂದುಕೊಂಡೆ, ಕೈ ಎಲ್ಲೋ ತಗುಲಿರಬೇಕು, ಎಂದರು. ಹಾಗೆ ಹೇಳಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಅವತ್ತೇ ಕೀಬೋರ್ಡನ್ನು ಅಟ್ಟಕ್ಕೆ ಹಾಕಿಸಿದರು. ಬುಧವಾರದಿಂದ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ತಾವೇ ಬಗ್ಗಿಸಿಕೊಳ್ಳುವುದನ್ನು ಬಿಟ್ಟರು, ಮಗಳು ಆರಿಸಿ ಕೊಡುತ್ತಾಳೆ. ಇವತ್ತು ಸಂಜೆ ಅರಳಿಕಟ್ಟೆಯಲ್ಲಿ ಹಿರಿಯರ ಮುಂದೆ ತಂದೆಯ ಕಾಲದ ಆ ಪುಸ್ತಕವನ್ನು ಇಟ್ಟು, ಇನ್ನು ಮುಂದೆ ಪಟ್ಟಿ ಬೇರೆಯವರು ಇಡಲಿ ಎಂದು ಹೇಳಿ ಎದ್ದು ಬರುತ್ತಾರೆ.

ಶನಿವಾರ ಆಫೀಸಿನಲ್ಲಿ ಒಬ್ಬನೇ ಕೂತು ಗಿರಿರಾಜ ಆ ಚರಿತ್ರೆಯ ಬೆನ್ನು ತಿರುಗಿಸಿ ನೋಡಿದ್ದ. ಕಟ್ಟಿದವರಿಗೆ ಮಾತ್ರ ಕಾಣುವ ಒಂದು ಮಗ್ಗುಲು ಅದಕ್ಕಿದೆ. ಬದಲಾಯಿಸಿದ್ದು ಮುದುಕರ ಕೈ ಅಲ್ಲ, ಪ್ಲಗಿನ್. ಹೊರಗಿನವರು ತಮಗೆ ಬೇಕಾದ ಸಣ್ಣಪುಟ್ಟ ಕೆಲಸಗಾರರನ್ನು ಈ ಪುಟಕ್ಕೆ ತಂದು ಬಿಟ್ಟುಕೊಳ್ಳಬಹುದು, ಒಬ್ಬ ಲೆಕ್ಕ ಕೂಡುತ್ತಾನೆ, ಒಬ್ಬ ತಾರೀಖು ಹಾಕುತ್ತಾನೆ, ಅವಕ್ಕೆ ಪ್ಲಗಿನ್ ಎನ್ನುವುದು. ಅವು ಎಲ್ಲಿ ಕೂರಬೇಕು, ಏನು ಮುಟ್ಟಬಹುದು, ಯಾರ ಹೆಸರಿನಲ್ಲಿ ಮುಟ್ಟಬೇಕು ಎಂಬ ಕಟ್ಟಲೆಯನ್ನೆಲ್ಲ ಬರೆದವನು ಗಿರಿರಾಜ. ಮಾದರಿಗೆಂದು ತಾನೇ ಒಂದು ಪ್ಲಗಿನ್ ಮಾಡಿ ದೊಡ್ಡಣ್ಣನ ಪುಟದಲ್ಲಿ ಹಾಕಿಕೊಟ್ಟಿದ್ದ. ಪುಟದ ಕೆಳಗಿದ್ದ ಫೋನ್ ನಂಬರುಗಳ ಪಟ್ಟಿಯನ್ನು ಅದು ಅಕಾರಾದಿಯಾಗಿ ಜೋಡಿಸುತ್ತಿತ್ತು. ಯಾವ ಪಟ್ಟಿ ಎಂದು ಪ್ರತಿಸಲ ಕೇಳುತ್ತದೆ, ಕಿರಿಕಿರಿ, ಎಂದು ಬೇರೆ ಗಿರಾಕಿಗಳು ದೂರಿದರೆಂದು ಆರತಿಯ ಹಿಂದಿನ ದಿನ ಮಧ್ಯಾಹ್ನ ಆ ಪ್ರಶ್ನೆಯನ್ನು ತೆಗೆದುಹಾಕಿದ. ಇನ್ನು ಕೇಳುವುದಿಲ್ಲ, ಕಂಡ ಪಟ್ಟಿಯನ್ನೆಲ್ಲ ಜೋಡಿಸುತ್ತದೆ. ಮರುದಿನ ಬೆಳಿಗ್ಗೆ ಆ ಪುಟವನ್ನು ಮೊದಲು ತೆರೆದವರು ದೊಡ್ಡಣ್ಣ. ಅವರು ಮಬ್ಬುಗಣ್ಣಿನಲ್ಲಿ ನೋಡಿ ಸಮಾಧಾನಪಟ್ಟ ಮರುಕ್ಷಣ ಪ್ಲಗಿನ್ ಕೆಲಸ ಮಾಡಿತು. ಹನುಮಕ್ಕನ ಹೆಸರು ಅಕ್ಷರಮಾಲೆಯ ತುದಿಗೆ ಹೋಗಿ ನಿಂತಿತು. ಕೆಳಗೆ ದೊಡ್ಡಣ್ಣನ ಹೆಸರು ಬಿತ್ತು.

ಆಫೀಸು ಇರುವುದು ಬಸವೇಶ್ವರನಗರದ ಒಂದು ಹಳೆಯ ಮನೆಯಲ್ಲಿ. ದೇವರ ಕೋಣೆಯಾಗಿದ್ದಲ್ಲಿ ಈಗ ಸರ್ವರ್ ಪೆಟ್ಟಿಗೆಗಳಿವೆ. ಅದರೊಳಗೆ ಹೋಗುವಾಗ ಗಿರಿರಾಜನ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ, ಮೊದಮೊದಲು ನಗುತ್ತಿದ್ದವರೂ ಈಗ ಬಿಡುತ್ತಾರೆ. ಹನ್ನೊಂದಕ್ಕೆ ಮೀಟಿಂಗು. ಪ್ಲಗಿನ್ ವ್ಯವಸ್ಥೆಯ ಹೊಸ ಕಟ್ಟಲೆಯನ್ನು ಅಂದು ಅಂತಿಮ ಮಾಡಬೇಕು. ಸ್ಮೃತಿ ಬೋರ್ಡಿನ ಮೇಲೆ ಎರಡು ಚೌಕ ಬರೆದಳು. ಇಪ್ಪತ್ತೇಳರ ಹುಡುಗಿ, ಮಾತು ಕಡಿಮೆ, ಚೌಕ ಬರೆದರೆ ಗೆರೆ ಸೊಟ್ಟಗಾಗುವುದಿಲ್ಲ.

"ಇದು ಬರಹ. ಇದು ಪ್ಲಗಿನ್. ಮಧ್ಯ ಗೋಡೆ," ಎಂದಳು. "ಗೋಡೇಲಿ ಒಂದೇ ಕಿಟಕಿ. ಪ್ಲಗಿನ್ ಒಳಗೆ ಬರಂಗಿಲ್ಲ. ಕಿಟಕಿ ಹತ್ರ ನಿಂತು ಕೇಳ್ಬೇಕು, ಈ ಪಟ್ಟಿ ಮುಟ್ಲಾ ಅಂತ. ಹೂಂ ಅಂದ್ರೆ ಅದೊಂದೇ ಪಟ್ಟಿ. ಇನ್ನೊಂದು ಬೇಕಾದ್ರೆ ಇನ್ನೊಂದು ಸಲ ಕೇಳ್ಬೇಕು. ಆಮೇಲೆ ಹಿಸ್ಟರಿಯಲ್ಲಿ ಅದರ ಹೆಸರೇ ಬರ್ಬೇಕು. ಪೇಜ್ ಓಪನ್ ಮಾಡಿದೋರದ್ದಲ್ಲ."

ಮಾಲೀಕ ಪುರುಷೋತ್ತಮ ತಲೆಯಾಡಿಸಿದ. "ಸರಿಯಾಗಿದೆ. ಇದನ್ನ ಮೊದ್ಲೇ ಯಾಕೆ ಹಿಂಗೆ ಮಾಡ್ಲಿಲ್ಲ ನಾವು?"

ಸ್ಮೃತಿ ಪೆನ್ನಿನ ಮುಚ್ಚಳ ಹಾಕಿದಳು. "ಮೊದ್ಲು ಅರ್ಚನೆ ಕತೆ ಇತ್ತಲ್ಲ ಸಾರ್."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಆದರೂ ಯಾರೋ ನಕ್ಕರು. ಗಿರಿರಾಜನೂ ನಕ್ಕ, ತಡವಾಗಿ, ಎಲ್ಲರ ನಗು ಮುಗಿದ ಮೇಲೆ. ಹೋದ ವರ್ಷ ಇದೇ ಕೋಣೆಯಲ್ಲಿ ಇದೇ ಹುಡುಗಿ ಎದ್ದು ನಿಂತು, ಸಾರ್ ಪ್ಲಗಿನ್ನಿಗೆ ಅದರದ್ದೇ ಹೆಸರು ಬೇಡ್ವಾ, ಎಂದು ಕೇಳಿದ್ದಳು. ಅವನು ಅವತ್ತು ತುಂಬ ಚೆನ್ನಾಗಿ ಮಾತಾಡಿದ್ದ. ತಾನು ಕೆಂಗೇರಿಯ ಸಣ್ಣ ಆಂಜನೇಯನ ಗುಡಿಯ ಅರ್ಚಕ ಕೃಷ್ಣಯ್ಯನವರ ಮಗ ಎಂದು ಶುರು ಮಾಡಿದ್ದ. ಗುಡಿಯಲ್ಲಿ ಹೂವು ಏರಿಸುವ ಕೈ ಅರ್ಚಕರದು, ಆದರೆ ಹೇಳುವುದು ಭಕ್ತರ ಹೆಸರು, ಭಕ್ತರ ಗೋತ್ರ, ಭಕ್ತರ ನಕ್ಷತ್ರ. ಪೂಜೆ ಯಾರದ್ದಾಯಿತು? ಭಕ್ತರದ್ದು. ಅರ್ಚಕ ನಡುವೆ ಇದ್ದೂ ಇಲ್ಲದವನು. ಪ್ಲಗಿನ್ ಕೂಡ ಹಾಗೇ ಇರಬೇಕು, ಕೆಲಸ ಅದರದ್ದು, ಹೆಸರು ಬಳಸುವವರದ್ದು. ಚಪ್ಪಾಳೆ ಬಿದ್ದಿತ್ತು. ಪುರುಷೋತ್ತಮ ಅದನ್ನು ಎರಡು ಸಭೆಗಳಲ್ಲಿ ಹೇಳಿಸಿದ್ದ. ಸ್ಮೃತಿ ಕೂತುಕೊಂಡಿದ್ದಳು. ಕೂರುವಾಗ ಅವಳ ಮುಖದಲ್ಲಿ ಇದ್ದದ್ದು ಒಪ್ಪಿಗೆಯಲ್ಲ, ಇಷ್ಟು ಚೆಂದದ ಮಾತಿನ ಎದುರು ಇನ್ನೇನು ಹೇಳುವುದು ಎಂಬ ಸಂಕೋಚ. ಅದು ಅವತ್ತೇ ಕಂಡಿತ್ತು. ಕಂಡದ್ದನ್ನು ಅವನು ಗೆಲುವು ಅಂದುಕೊಂಡಿದ್ದ.

ಬೋರ್ಡಿನ ಮೇಲಿನ ಆ ಪುಟ್ಟ ಕಿಟಕಿಯನ್ನು ನೋಡುತ್ತ ಅವನಿಗೆ ಗರ್ಭಗುಡಿಯ ಬಾಗಿಲು ಕಂಡಿತು. ಮಧ್ಯಾಹ್ನ ಹನ್ನೆರಡೂವರೆಗೆ ಅಪ್ಪ ಬಾಗಿಲು ಹಾಕುವ ಹೊತ್ತು. ಭಕ್ತರೆಲ್ಲ ಹೋಗಿರುತ್ತಿದ್ದರು. ಎಣ್ಣೆ, ತುಳಸಿ, ಒದ್ದೆ ಕಲ್ಲಿನ ವಾಸನೆ. ಬಾಗಿಲ ಒಂದು ರೆಕ್ಕೆ ಮುಚ್ಚಿ ಇನ್ನೊಂದನ್ನು ಹಿಡಿದುಕೊಂಡು ಅಪ್ಪ ಒಂದು ಗಳಿಗೆ ನಿಲ್ಲುತ್ತಿದ್ದರು, ತುಟಿ ಅಲುಗುತ್ತಿತ್ತು, ಕೆನ್ನೆಗೆ ಮೆಲ್ಲಗೆ ಎರಡು ಸಲ ಬಡಿದುಕೊಳ್ಳುತ್ತಿದ್ದರು. ಏನಪ್ಪ ಹೇಳ್ಕೊಳ್ತೀಯ ಅಂತ ಒಂದು ಸಲ ಕೇಳಿದ್ದ. "ಇವತ್ತಿನ ತಪ್ಪು ಒಪ್ಪಿಸ್ತಾ ಇದ್ದೆ," ಎಂದಿದ್ದರು ಕೃಷ್ಣಯ್ಯ, ಬೀಗ ಹಾಕುತ್ತ. "ಹೂವು ಬಾಡಿತ್ತು, ಒಂದು ಮಂತ್ರ ನುಂಗಿದೆ, ಎಣ್ಣೆ ಕಮ್ಮಿಯಾಯ್ತು. ಇದೆಲ್ಲ ಆ ಜನಕ್ಯಾಕೆ ಹೋಗ್ಬೇಕು? ಪಾಪ, ಅವರು ನನ್ನ ಕೈಗೆ ಹೆಸರು ಕೊಟ್ಟು ಹೋಗಿದಾರೆ ಅಷ್ಟೆ." ಇಷ್ಟು ವರ್ಷ ಗಿರಿರಾಜ ಆ ಗುಡಿಯನ್ನು ನೆನೆದಾಗಲೆಲ್ಲ ನೆನಪಾದದ್ದು ಹೂವು, ಹೆಸರು, ಗಂಟೆ. ಬಾಗಿಲು ಹಾಕುವ ಆ ಗಳಿಗೆ ಒಂದು ಸಲವೂ ನೆನಪಾಗಿರಲಿಲ್ಲ. ತಾನು ಅರ್ಧ ಪೂಜೆ ನೋಡಿ ಬಂದು ಎಲ್ಲರಿಗೂ ಕತೆ ಹೇಳಿದೆ ಅನ್ನಿಸಿತು.

"ಒಂದು ಕಡೆ ಸ್ವಲ್ಪ ತೊಂದರೆ ಆಗಿದೆ," ಎಂದ. "ಹಳೇ ಕ್ರಮದಿಂದ. ಒಬ್ಬರು ಮಾಡದೇ ಇರೋದಕ್ಕೆ ಅವರ ಹೆಸರು ಬಂದಿದೆ. ಅವರಿಗೆ ಹೇಳ್ಬೇಕು."

ಪುರುಷೋತ್ತಮ ಕನ್ನಡಕ ತೆಗೆದು ಒರೆಸಿದ. ಕೆಟ್ಟ ಮನುಷ್ಯನಲ್ಲ. ಸಂಬಳ ತಡವಾದ ತಿಂಗಳಲ್ಲಿ ಹೆಂಡತಿಯ ಬಳೆ ಇಟ್ಟವನು. "ನೋಡಿ ಗಿರಿರಾಜ್, ಒಬ್ಬರಿಗೆ ಹಿಸ್ಟರಿ ತಪ್ಪು ಅಂದ್ರೆ, ನಾಳೆ ಇನ್ನೊಬ್ಬರು ನಮ್ದೂ ತಪ್ಪಾ ಅಂತಾರೆ. ನಮ್ಮಲ್ಲಿ ಮಾರೋಕೆ ಇರೋದೇ ಆ ನಂಬಿಕೆ. ಮುಂದಿನ ವರ್ಶನ್ನಲ್ಲಿ ಸರಿ ಮಾಡ್ತಿದೀವಲ್ಲ. ಹಳೇದನ್ನ ಸದ್ದಿಲ್ಲದೆ ಸರಿ ಮಾಡ್ಬಿಡಿ. ಯಾರಿಗೂ ನೋವಾಗಲ್ಲ."

ಸ್ಮೃತಿ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಅಳಿಸುವುದೇನೂ ಇಲ್ಲದ ಕಡೆ ಒರೆಸುತ್ತಿದ್ದಳು.

ಗಿರಿರಾಜ ಊಟದ ಡಬ್ಬಿ ತೆರೆಯಲಿಲ್ಲ. ಸದ್ದಿಲ್ಲದೆ ಸರಿಮಾಡುವುದು ಎರಡು ನಿಮಿಷದ ಕೆಲಸ. ಚರಿತ್ರೆಯ ಆ ಸಾಲನ್ನು ತೆರೆದ. ದೊಡ್ಡಣ್ಣ ಎಂಬ ಹೆಸರನ್ನು ಅಳಿಸಿದ. ಆ ಜಾಗದಲ್ಲಿ ಪ್ಲಗಿನ್ನಿನ ಹೆಸರು ಹಾಕಿದ. ಇನ್ನು ಒಂದು ಗುಂಡಿ ಒತ್ತಿದರೆ ಮುಗಿಯಿತು. ಸಂಜೆ ಮಧುಕುಮಾರ ಫೋನ್ ತೆಗೆದರೆ ಬೇರೆ ಹೆಸರು ಕಾಣುತ್ತದೆ, ಅವನು ಕಣ್ಣುಜ್ಜಿಕೊಳ್ಳುತ್ತಾನೆ, ಹಿರಿಯರು ಏನೋ ಯಂತ್ರದ ಮಾಯೆ ಎನ್ನುತ್ತಾರೆ, ದೊಡ್ಡಣ್ಣನ ಹೆಸರು ತೊಳೆದುಹೋಗುತ್ತದೆ, ಗಿರಿರಾಜ ನಾಳೆಯಿಂದ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿಯಬಹುದು. ಬೆರಳು ಗುಂಡಿಯ ಮೇಲೆ ನಿಂತಿತು. ಪರದೆಯ ಗಾಜಿನಲ್ಲಿ ಅವನ ಹಣೆಯ ಗಂಧ ಮಸುಕಾಗಿ ಕಾಣುತ್ತಿತ್ತು. ಮಂಗಳವಾರ ಆರು ಹತ್ತಕ್ಕೆ ಒಂದು ಕೈ ಯಾರಿಗೂ ಕಾಣದೆ ಈ ಪುಟದೊಳಗೆ ಬಂದು ಹೋಗಿತ್ತು. ಈಗ ಸೋಮವಾರ ಎರಡು ಗಂಟೆಗೆ ಇನ್ನೊಂದು ಕೈ. ಇದರ ಕೆಳಗೆ ಯಾರ ಹೆಸರು ಬೀಳುತ್ತದೆ? ಯಾರದ್ದೂ ಇಲ್ಲ. ಆಮೇಲೆ ದೊಡ್ಡಣ್ಣ ಕಾಫಿಯನ್ನು ತಾವೇ ಬಗ್ಗಿಸಿಕೊಳ್ಳುತ್ತಾರೆಯೇ? ಪುಟದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಅವರ ಕೈ ಅವರಿಗೆ ವಾಪಸು ಬರುತ್ತದೆಯೇ? ಬೆಳಿಗ್ಗೆ ಗಟ್ಟಿಯಾಗಿದ್ದ ಚಪ್ಪಲಿಯನ್ನು ಮುಟ್ಟಿ, ಗಟ್ಟಿಯಾಗಿದೆ ಎಂದು ತಿಳಿದೂ, ತನ್ನ ಬೆರಳೇ ಸುಳ್ಳು ಎಂದ ಮನುಷ್ಯ ಅವರು. ಗಿರಿರಾಜ ಬರೆದದ್ದನ್ನು ಅಳಿಸಿದ. ಹಳೆಯ ಹೆಸರು ಹಾಗೇ ಉಳಿಯಿತು. ಎದ್ದು ಸ್ಮೃತಿಯ ಮೇಜಿನ ಹತ್ತಿರ ಹೋಗಿ ನಿಂತ.

"ಹೋದ ವರ್ಷ ನೀವು ಹೇಳಿದ್ದೇ ಸರಿ ಇತ್ತು," ಎಂದ. "ನಾನು ಕತೆ ಹೇಳಿ ಕೂರಿಸಿದೆ."

ಅವಳು ತಲೆಯೆತ್ತಿ ನೋಡಿದಳು. "ಕತೆ ಚೆನ್ನಾಗಿತ್ತು ಸಾರ್," ಎಂದಳು. ಕಣ್ಣನ್ನು ಮತ್ತೆ ಪರದೆಗೆ ತಿರುಗಿಸಿ, "ಅದಕ್ಕೇ ಕೋಪ ಬಂದಿತ್ತು," ಎಂದಳು.

ನಾಲ್ಕು ಗಂಟೆಗೆ ಹೊರಟು ನಡೆದೇ ಹೋದ. ಮಾಗಡಿ ರಸ್ತೆ ದಾಟುವಾಗ ಬಸ್ಸುಗಳ ಬಿಸಿ ಕಾಲಿಗೆ ಬಡಿಯಿತು. ಏನು ಹೇಳುವುದೆಂದು ಮಾತು ಜೋಡಿಸುತ್ತ ನಡೆದ. ಪ್ರತಿ ಸಲ ಜೋಡಿಸಿದಾಗಲೂ ಮಾತು ಚೆನ್ನಾಗಿಯೇ ಬರುತ್ತಿತ್ತು, ಅಷ್ಟು ಚೆನ್ನಾಗಿ ಬಂದದ್ದಕ್ಕೇ ಹೆದರಿಕೆಯಾಗಿ ಒಡೆದು ಹಾಕುತ್ತಿದ್ದ. ಪುರುಷೋತ್ತಮನಿಗೆ ನಾಳೆ ಏನು ಹೇಳುವುದು? ಕೆಲಸ ಹೋದರೂ ಹೋದೀತು. ಆ ಯೋಚನೆ ಬಂದು, ಪಕ್ಕದಲ್ಲೇ ಒಂದಷ್ಟು ದೂರ ನಡೆದು, ಮೆಟ್ರೋ ಕಂಬಗಳ ನೆರಳು ಶುರುವಾದಲ್ಲಿ ಎಲ್ಲೋ ಹಿಂದೆ ಉಳಿಯಿತು. ಮೇಲೆ ರೈಲು ಹೋಯಿತು. ಅರಳಿಮರದ ಎಲೆಗಳು ಅದರ ಗಾಳಿಗೋ ತಮ್ಮದೇ ಗಾಳಿಗೋ ಅಲುಗಿದವು.

ಕಟ್ಟೆಯ ಮೇಲೆ ಏಳೆಂಟು ಜನ ಹಿರಿಯರು. ದೊಡ್ಡಣ್ಣ ಕಪ್ಪು ಕನ್ನಡಕದಲ್ಲಿ ನಡುವೆ ಕೂತಿದ್ದರು, ಮುಂದೆ ಹಳದಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ಹನುಮಕ್ಕ ಕಟ್ಟೆ ಹತ್ತದೆ ಗುಡಿಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಬರುವುದಿಲ್ಲ ಎಂದವಳನ್ನು ಯಾರೋ ಕರೆತಂದಿದ್ದರು. ಗಿರಿರಾಜ ಚಪ್ಪಲಿ ಬಿಟ್ಟು ಕಟ್ಟೆಯ ಮುಂದೆ ನಿಂತ.

"ಆ ಪಟ್ಟಿ ಬದಲಾಯಿಸಿದ್ದು ದೊಡ್ಡಣ್ಣೋರಲ್ಲ," ಎಂದ.

"ಅಣ್ಣ, ಫೋನಲ್ಲೇ ಐತಲ್ಲ," ಎಂದ ಮಧುಕುಮಾರ, ಜಗಳದ ದನಿಯಲ್ಲಲ್ಲ. "ನೋಡಿ ಇಲ್ಲಿ. ಹೆಸರು, ಟೈಮು ಎಲ್ಲ ಐತೆ. ನೀವೇ ತಾನೆ ಹೇಳ್ಕೊಟ್ಟಿದ್ದು, ಇದ್ರಲ್ಲಿ ಇರೋದು ಸುಳ್ಳಾಗಲ್ಲ ಅಂತ."

"ಹೇಳಿದ್ದೆ. ಆ ಮಾತೇ ತಪ್ಪು." ಗಿರಿರಾಜ ಪ್ಲಗಿನ್ ಎಂದ, ಬ್ರೌಸರ್ ಎಂದ, ಯಾರ ಮುಖದಲ್ಲೂ ಏನೂ ಹತ್ತಲಿಲ್ಲ. ಮುದುಕರೊಬ್ಬರು ಬೀಡಿ ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು. ಅವನು ನಿಲ್ಲಿಸಿ, ಉಸಿರು ತೆಗೆದುಕೊಂಡು, ಬೇರೆ ಕಡೆಯಿಂದ ಶುರು ಮಾಡಿದ. "ಗುಡೀಲಿ ಅರ್ಚನೆ ಮಾಡಿಸ್ತೀರಲ್ಲ. ಹೂವು ಹಾಕೋದು ಅರ್ಚಕರು, ಹೇಳೋದು ನಿಮ್ಮ ಹೆಸರು. ಈ ಪುಟದಲ್ಲೂ ನಾನು ಅಂಥದ್ದೊಂದು ಕೈ ಇಟ್ಟಿದ್ದೆ. ದೊಡ್ಡಣ್ಣೋರು ಅವತ್ತು ಪುಟ ತೆರೆದರು ಅಷ್ಟೆ. ಏನೂ ಒತ್ತಲಿಲ್ಲ. ಹೆಸರುಗಳನ್ನ ಎತ್ತಿ ಆಚೀಚೆ ಇಟ್ಟಿದ್ದು ನಾನು ಮಾಡಿಟ್ಟ ಕೈ. ಅದು ಕೇಳಿ ಮುಟ್ಟಬೇಕಿತ್ತು, ಕೇಳೋದನ್ನ ಹಿಂದಿನ ದಿನ ನಾನೇ ತೆಗೆದೆ. ಮಾಡಿದ್ದರ ಕೆಳಗೆ ದೊಡ್ಡಣ್ಣೋರ ಹೆಸರು ಬರೋ ಹಾಗೆ ಇಟ್ಟಿದ್ದೂ ನಾನೇ. ಶನಿವಾರವೇ ನಂಗೆ ಗೊತ್ತಾಯ್ತು. ಹೇಳ್ಲಿಲ್ಲ."

ಗೋಡೆಯ ಹತ್ತಿರದಿಂದ ಹನುಮಕ್ಕ ಕೇಳಿದಳು:

"ಹಂಗಾರೆ ನೀನಾ ಮಾಡಿದ್ದು?"

"ಹೌದಮ್ಮ. ನಾನು."

ಅವಳು ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದ, ಬೈದರೆ ಹಗುರಾದೀತು ಎಂಬ ಆಸೆಯಿಂದ ಕಾದ. "ಒಂದು ವರ್ಷ ಆ ತಟ್ಟೆ ಬೆಳಗಿ ಬೆಳಗಿ ಇಟ್ಕೊಂಡಿದ್ದೆ ಕಣಪ್ಪ," ಎಂದಳು ಅಷ್ಟೇ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ನೆಲ ನೋಡಿದಳು. ಆಮೇಲೆ ಅವಳೇ, ಕಟ್ಟೆಯ ಕಡೆ ನೋಡದೆ, "ಆ ಪುಸ್ತಕ ಅವನ ತಾವೇ ಇರ್ಲಿ," ಎಂದಳು. ಎರಡು ಮನೆಗಳ ನಡುವೆ ಎಷ್ಟೋ ಕಾಲದಿಂದ ಇಲ್ಲದಿದ್ದ ಮಾತು ಅದು, ಗಾಳಿಗೆ ಹೇಳಿದಂತೆ ಹೇಳಿದಳು.

ದೊಡ್ಡಣ್ಣ ಬಲಗೈಯನ್ನು ಎಡಗೈಯಿಂದ ಬಿಡಿಸಿದರು. ಹಳದಿ ಬಟ್ಟೆಯನ್ನು ತಡವಿ, ಗಂಟಿನ ಎಳೆ ಹುಡುಕಿ, ಬಿಚ್ಚಿ, ಪುಸ್ತಕದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ರಟ್ಟು ಸವೆದ ಕಡೆ ಬೆರಳು ನಿಂತಿತು, ಇಲ್ಲೇ ಸವೆದಿದೆ ಎಂದು ಗೊತ್ತಿದ್ದು ನಿಂತಂತೆ. ಆಮೇಲೆ ಕಪ್ಪು ಕನ್ನಡಕವನ್ನು ಗಿರಿರಾಜನ ದನಿ ಬಂದ ಕಡೆ ತಿರುಗಿಸಿದರು.

"ಗಿರಿ," ಎಂದರು. "ಹಂಗಾರೆ ಬೆಳಿಗ್ಗೆ ಚಪ್ಪಲೀನೂ ಕಿತ್ತೋಗಿರ್ಲಿಲ್ಲ."

"ಇಲ್ಲ ದೊಡ್ಡಣ್ಣೋರೆ. ಗಟ್ಟಿಯಾಗೇ ಇತ್ತು."